ಮಗಳ ಟೇಕ್ವಾಂಡೋ, ನನ್ನ ಗಂಟಲು

ತಿಳಿಯದ ಆಟ ನೋಡುವಾಗ ನನಗೆ ಬರುವಷ್ಟು ಧೈರ್ಯ, ತಿಳಿದ ಕೆಲಸ ಮಾಡುವಾಗ ಎಂದೂ ಬಂದದ್ದಿಲ್ಲ. ಶಹಾಪುರದ ನನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿ ತುಸು ದನಿ ಏರಿಸಿದರೆ ಸಾಕು, ಬೆಲೆ ಇಳಿಸಿಬಿಡುವವ ನಾನು. ಮನೆಯಲ್ಲೂ ಅಷ್ಟೆ. ಮಗಳು ಗೌರಿ ಟೇಕ್ವಾಂಡೋ ಅಭ್ಯಾಸ ಮಾಡುವಾಗ ಲೋಡು ಹಿಡಿದು ಎದುರಿಗೆ ನಿಲ್ಲುವುದು ನನ್ನ ಪಾಲಿನ ಕೆಲಸ. ಆಕೆ ಗರ್ರನೆ ತಿರುಗಿ ಹಿಮ್ಮಡಿಯಿಂದ ಒದ್ದರೆ ಲೋಡಿನೊಡನೆ ನಾನೂ ಗೋಡೆ ಸೇರುತ್ತಿದ್ದೆ. ಹೆಂಡತಿ ಒಳಗಿಂದ ಓಡಿ ಬಂದು ನೀರು ಕೊಡುತ್ತಿದ್ದಳು, ಮಗಳಿಗೆ.

ಆದರೆ ಯಾದಗಿರಿಯಲ್ಲಿ ಜಿಲ್ಲಾಮಟ್ಟದ ಫೈನಲ್ ಪಂದ್ಯ ನಡೆದ ದಿನ, ನೋಡಲು ಬಂದವರಲ್ಲಿ ನನ್ನಂಥ ವೀರ ಮತ್ತೊಬ್ಬನಿರಲಿಲ್ಲ. ಗೆದ್ದವಳು ರಾಜ್ಯಮಟ್ಟಕ್ಕೆ ಹೋಗುತ್ತಾಳೆ. ಎದುರಾಳಿ ಸುರಪುರದ ಹುಡುಗಿ, ಗೌರಿಗಿಂತ ಗೇಣುದ್ದ ಎತ್ತರ. ನಿಂತಲ್ಲಿಂದಲೇ ಕಾಲು ಚಾಚಿದರೆ ಗೌರಿಯ ಎದೆಗವಚಕ್ಕೆ ತಾಗುತ್ತಿತ್ತು. ಇಬ್ಬರೂ ಒಂದೊಂದು ಸುತ್ತು ಗೆದ್ದರು. ಕೊನೆಯ ಸುತ್ತಿನಲ್ಲೂ ಅಂಕ ಸಮಸಮ. ಇನ್ನೇನು ಸಮಯ ಮುಗಿಯಬೇಕು, ಆಗ ನನ್ನ ಮಗಳು ಹಿಂದೆ ಹಿಂದೆ ಸರಿಯತೊಡಗಿದಳು! ಗೆರೆ ದಾಟಿದರೆ ಎದುರಾಳಿಗೆ ಅಂಕ ಎಂಬುದಷ್ಟೇ ನನಗೆ ತಿಳಿದಿದ್ದ ನಿಯಮ. ಆಕೆಯ ಹಿಮ್ಮಡಿ ಗೆರೆಯ ಹತ್ತಿರ ಬಂತು. ಕುರ್ಚಿಯ ಮೇಲೆ ಹತ್ತಿ ನಿಂತು, “ಹೆದರಬ್ಯಾಡ ಗೌರೀ, ಹೆದರಬ್ಯಾಡ!” ಎಂದು ಚೀರಿದೆ.

ಸುರಪುರದ ಹುಡುಗಿ ನುಗ್ಗಿದಳು. ಗೌರಿ ಪಕ್ಕಕ್ಕೆ ಜಾರಿ, ಬೆನ್ನು ತಿರುಗಿಸಿ, ಹಿಮ್ಮಡಿಯನ್ನು ನೇರ ಎದೆಗವಚದ ನಡುವೆ ಇಟ್ಟಳು. ತಿರುಗಿ ಒದ್ದರೆ ಅಂಕ ಹೆಚ್ಚಂತೆ. ಬೋರ್ಡಿನ ಮೇಲೆ ಅವು ಮೂಡುವಷ್ಟರಲ್ಲಿ ಆಟ ಮುಗಿಯಿತು. ನಾನು ಅಪರಿಚಿತರೊಬ್ಬರನ್ನು ತಬ್ಬಿಕೊಂಡು ಕುಣಿಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವರು ಸುರಪುರದ ಹುಡುಗಿಯ ಸೋದರಮಾವ.

ಗೌರಿಯ ಕೋಚ್ ನನ್ನತ್ತ ಬರುವುದು ಕಂಡು ಮೆಲ್ಲಗೆ ಬಾಗಿಲ ಕಡೆ ಹೆಜ್ಜೆ ಹಾಕಿದೆ. ಚೀರಬಾರದೆಂದು ಅವರು ಮೊದಲೇ ಹೇಳಿದ್ದರು. ಅಷ್ಟರಲ್ಲಿ ಗೌರಿ ಏದುಸಿರು ಬಿಡುತ್ತ ಬಂದು, “ನಾ ಖರೇನ ಹೆದರೀನಿ ಅಂತ ಆಕಿಗೆ ಹೆಂಗ ನಂಬಸಬೇಕು ಅಂತ ಒದ್ದಾಡಾಕತ್ತಿದ್ದೆ. ನೀನ ನಂಬಿಸಿದಿ ಅಪ್ಪ” ಎಂದಳು.

ಕೋಚ್ ನನ್ನ ಕೈ ಹಿಡಿದರು. “ಅಣ್ಣಾರ, ರಾಜ್ಯಮಟ್ಟದ ಆಟಕ್ಕೂ ಬರ್ರಿ. ಹಿಂಗ ಚೀರ್ರಿ. ಆದ್ರ ತಿಳಕೊಂಡು ಮಾತ್ರ ಚೀರಬ್ಯಾಡ್ರಿ.”

ಅಂದಿನಿಂದ ಗೌರಿ ಆಟದ ನಿಯಮ ಕಲಿಸಲು ಬಂದರೆ ನಾನೇ ಏನಾದರೂ ನೆವ ಹೇಳಿ ಎದ್ದುಹೋಗುತ್ತೇನೆ. ಈ ವಯಸ್ಸಿನಲ್ಲಿ ತಂಡದಲ್ಲೊಂದು ಜಾಗ ಸಿಕ್ಕಿದೆ. ನಿಯಮ ಕಲಿತು ಅದನ್ನು ಕಳೆದುಕೊಳ್ಳುವಷ್ಟು ದಡ್ಡ ನಾನಲ್ಲ.