ಮಾವನ ಉಳಿಗಳಿಗೊಂದು ತೊಗಲಿನ ಮನೆ

ನನ್ನ ಸೋದರಮಾವ ಬೇಕಾದರೆ ಹೆಂಡತಿಯನ್ನು ಆರು ತಿಂಗಳು ತವರಿಗೆ ಕಳಿಸಿಯಾರು, ಉಳಿಯನ್ನು ಅರ್ಧ ಗಳಿಗೆ ಪಕ್ಕದ ಮನೆಗೆ ಕಳಿಸಲಾರರು! ಕದ್ರಿ ಗುಡ್ಡೆಯ ಕೆಳಗಿನ ಅವರ ಮರಗೆಲಸದ ಕೊಟ್ಟಿಗೆಯಲ್ಲಿ ಹನ್ನೆರಡು ವರ್ಷ ದುಡಿದ ನನಗೂ ಅವನ್ನು ಮುಟ್ಟುವ ಅಧಿಕಾರವಿರಲಿಲ್ಲ. ಒಮ್ಮೆಯಾದರೂ ಆ ಉಳಿ ಹಿಡಿಯಬೇಕೆಂದು ನನಗೆ ಎಂಥ ಆಸೆ! ತಕರಾರು ನನ್ನ ಎಡಗೈಯದ್ದು. ಬರೆಯುವುದು ಆ ಕೈಯಲ್ಲೇ ಅಂತ ಮೂರನೇ ಕ್ಲಾಸಿನ ಮಾಸ್ತರರು ಬೆತ್ತ ಬೀಸಿ ಬೀಸಿ ನನಗೆ ಶಾಲೆ ಬಿಡಿಸಿದರು. ಅದೇ ಕೈ ಮಾಡಿದ ಬಾಗಿಲುಗಳು ಊರಿನಲ್ಲಿ ಎಷ್ಟು ಉಂಟು, ಹೋಗಿ ನೋಡಲಿ! ಮಾವ ಮಾತ್ರ, "ಎಡಗೈಗೆ ಕೊಟ್ಟರೆ ಉಳಿಯ ಬಾಯಿ ಓರೆಯಾಗ್ತದೆ ಮಾರಾಯ" ಎನ್ನುತ್ತಿದ್ದರು.

ಒಂದು ವರ್ಷ ಅವರಿಗೆ ಹೊಸ ಹುಚ್ಚು ಹಿಡಿಯಿತು. ಉಳಿಗಳನ್ನು ಸುತ್ತಿಡಲು ಚರ್ಮದ ಸುರುಳಿಯಂತೆ, ಉಳಿಗೊಂದು ಜೇಬಂತೆ! ಕುದ್ರೋಳಿಯಿಂದ ತೊಗಲು ಬಂತು. ಅತ್ತೆ ತುಳಸಿಕಟ್ಟೆಯ ಬಳಿ ಪೊರಕೆ ಅಡ್ಡ ಹಿಡಿದು, ಸತ್ತ ಕೋಣದ ಸವಾರಿ ಒಳಗೆ ಬರಕೂಡದು ಎಂದರು. ಮಾವ ಹಲಸಿನ ಮರದಡಿ ಬಿಡಾರ ಹೂಡಿದರು. ಮದುಮಗಳ ರವಕೆಗೆ ಅಳತೆ ತೆಗೆದಂತೆ ಒಂದೊಂದು ಉಳಿಯನ್ನೂ ಮಲಗಿಸಿ ಮಸಿಯಿಂದ ಗೆರೆ ಎಳೆದರು. ನಾಲ್ಕನೇ ದಿನ ಊಟಕ್ಕೆ ಕರೆದಾಗ ಎದ್ದರೆ ತೊಗಲೂ ಜೊತೆಗೇ ಎದ್ದಿತು! ಉಟ್ಟ ಮುಂಡನ್ನೂ ಸೇರಿಸಿ ಹೊಲಿದಿದ್ದರು.

"ಒಳ್ಳೆಯದಾಯಿತು," ಎಂದರು ಅತ್ತೆ. "ಇನ್ನು ಅದು ಇದ್ದಲ್ಲೇ ನೀವೂ ಇರಿ."

ಕೊನೆಗೆ ಮಾವ ಕೊಟ್ಟಿಗೆಯಲ್ಲಿ ಸುರುಳಿ ಬಿಚ್ಚಿದರು. ಬಲಗೈಯವನಿಗೆ ಹಿಡಿಗಳು ಬಲಕ್ಕೆ ವಾಲಬೇಕಷ್ಟೆ? ಇಲ್ಲಿ ಅಷ್ಟೂ ಜೇಬು ಎಡಕ್ಕೆ! ಮುದುಕರ ಕಣ್ಣು ಹೋಯಿತೆಂದು ಕೆಲಸದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

"ಇದೆಂತ ಮಾವ, ಕನ್ನಡಿ ನೋಡಿ ಹೊಲಿದದ್ದೊ?"

ಮಾವ ಸುರುಳಿಯನ್ನು ಸುತ್ತಿ ಕಟ್ಟಿದರು. ಮರುದಿನ ನಾನು ಬಿಕರ್ನಕಟ್ಟೆಗೆ ಬಾಗಿಲು ಕೂರಿಸಲು ಹೊರಟಾಗ ಸುರುಳಿಯನ್ನು ನನ್ನ ಕಂಕುಳಿಗೆ ತುರುಕಿ ಒಳಗೆ ಹೋದರು.

ಅಲ್ಲಿ ಬಿಚ್ಚಿದೆ. ಉಳಿಗಳನ್ನೆಲ್ಲ ಹೊಸದಾಗಿ ಮಸೆದು ಇಟ್ಟಿದ್ದರು. ನೋಡದೆಯೇ ಎಡಗೈ ಚಾಚಿದೆ. ಹಿಡಿ ತಾನಾಗಿ ಅಂಗೈಗೆ ಬಂದು ಕೂತಿತು. ಬೆತ್ತ ತಿಂದ ಅದೇ ಅಂಗೈಗೆ. ಬಹಳ ಹೊತ್ತು ನನ್ನಿಂದ ಕೆಲಸ ಸಾಗಲಿಲ್ಲ.

ಸಂಜೆ ಸುರುಳಿಯನ್ನು ಮಾವನ ಮುಂದಿಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು.

"ನಕ್ಕು ಮುಗಿಯಿತೊ?" ಎಂದರು. "ಯಾರು ಕೇಳಿದರೂ ಎರವಲು ಕೊಡಬೇಡ."