ಗೋಲಿನ ಮುಯ್ಯಿ

ಎಲ್ಲಕ್ಕೂ ಮೂಲ ಒಂದು ಆಕಳಿಕೆ.

ಆಕಳಿಸಿದವನು ವಾಲ್ಟರ್. ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದಿಂದ ಬಂದು ಚಿನಕುರಳಿಯಲ್ಲಿ ವರ್ಷದಿಂದ ಬಿಡಾರ ಮಾಡಿದ್ದ ಯುವಕ. ಕೆರೆಯಂಗಳದಲ್ಲಿ ಚಿನಕುರಳಿಗೂ ಶೀಳನೆರೆಗೂ ನಡೆಯುತ್ತಿದ್ದ ಫುಟ್‌ಬಾಲ್ ಪಂದ್ಯದ ಮೊದಲರ್ಧ ಮುಗಿಯುವ ಹೊತ್ತಿಗೆ ಅವನ ಬಾಯಿ ಕಣಜದ ಬಾಗಿಲಿನಷ್ಟು ತೆರೆದುಕೊಂಡಿತು. ಅದನ್ನು ಸ್ಕೂಲ್ ಕಮಿಟಿ ಅಧ್ಯಕ್ಷ ಹೊನ್ನಪ್ಪ ನೋಡಿಬಿಟ್ಟರು.

"ಏನ್ ಮೇಷ್ಟ್ರೇ, ಸಾಯೇಬ್ರು ಬಾಯ್ ಬುಟ್ರಲ್ಲ. ಬೇಜಾರಾಗಿ ಎದ್ದೋದ್ರೆ ನಿಮ್ ಮಿಸನ್ನು ಬಂದಂಗೇಯ."

ಮಿಸನ್ನು ಎಂದರೆ ಸೂಕ್ಷ್ಮದರ್ಶಕ. ಅದು ವಿಜ್ಞಾನದ ಮೇಷ್ಟ್ರು ಚಿಕ್ಕಸ್ವಾಮಿಯ ಕನಸು. ಮೈಸೂರಿನ ಕಾಲೇಜಿನಲ್ಲಿ ಅವನು ಅಮೀಬವನ್ನು ಕಂಡದ್ದು ಹದಿನೈದು ಸೆಕೆಂಡು. ಹಿಂದೆ ಸಾಲಿನಲ್ಲಿ ಇನ್ನೂ ನಲವತ್ತು ಜನ ನಿಂತಿದ್ದರು. ಆ ಹದಿನೈದು ಸೆಕೆಂಡನ್ನೇ ನಂಬಿಕೊಂಡು ಆರು ವರ್ಷದಿಂದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅಮೀಬ ಬರೆಯುತ್ತಿದ್ದ. ಅದು ಮುದ್ದೆ ತಿಂದು ಬಿಟ್ಟ ತಟ್ಟೆಯಂತೆ ಕಾಣುತ್ತಿತ್ತು. ಪ್ರಯೋಗಶಾಲೆಯ ಬೀರುವಿನ ನಡು ಹಲಗೆಯನ್ನು ಒರೆಸಿ ಖಾಲಿ ಇಟ್ಟಿದ್ದ. ವಾಲ್ಟರನ ದೇಶದವರು ಒಂದು ಶಾಲೆಗೆ ಒಂದು ಕೊಡುಗೆ ಕಳಿಸುತ್ತಾರಂತೆ. ಸೂಕ್ಷ್ಮದರ್ಶಕ ಕೇಳಿ ಬರೆದ ಕಾಗದ ಈಗ ವಾಲ್ಟರನ ಅಂಗಿಯ ಜೇಬಿನಲ್ಲೇ ಇತ್ತು. ನಾಳೆಯ ಟಪಾಲಿಗೆ ಹೋಗಬೇಕು.

ಇಂದಿನ ರೆಫರಿಯೂ ಚಿಕ್ಕಸ್ವಾಮಿಯೇ. ಆಟ ಬಲ್ಲನೆಂದಲ್ಲ, ಊರಿನಲ್ಲಿ ಸರಿಯಾಗಿ ನಡೆಯುವ ಕೈಗಡಿಯಾರ ಅವನದೊಂದೇ.

"ಆಟ ಹ್ಯಾಗಿದೆ ಸಾರ್?" ಎಂದು ಹತ್ತಿರ ಹೋಗಿ ಕೇಳಿದ.

"ತುಂಬಾ ಚೆನ್ನಾಗಿದೆ," ಎಂದ ವಾಲ್ಟರ್, ಪುಸ್ತಕದಿಂದ ಕಲಿತ ಕನ್ನಡದಲ್ಲಿ. "ಆದರೆ ಏನೂ ಆಗಲಿಲ್ಲ. ನಮ್ಮ ಜನಕ್ಕೆ ಈ ಆಟ ಹಿಡಿಸದೇ ಇರುವುದು ಇದಕ್ಕೇ. ದೇವರು ಕೈ ಕೊಟ್ಟಿದ್ದಾನೆ, ಅದನ್ನು ಬಳಸಬಾರದು. ಅಷ್ಟು ಓಡಿದ ಮೇಲೂ ಸೊನ್ನೆಗೆ ಸೊನ್ನೆ. ನಮಗೆ ಎಣಿಸುವುದಕ್ಕೆ ಏನಾದರೂ ಬೇಕು. ನನ್ನ ಕೋಳಿಗಳೂ ದಿನಕ್ಕೆ ನಲವತ್ತು ಮೊಟ್ಟೆ ಇಡುತ್ತವೆ."

ಸೊನ್ನೆಗೆ ಕಾರಣವಿತ್ತು. ಎರಡೂ ಊರಿನವರು ಬೀಗರು. ಸೋತ ಊರಿನ ಹೆಣ್ಣುಮಗಳು ಗೆದ್ದ ಊರಿನ ಗಂಡನ ಮನೆಯಲ್ಲಿ ವರ್ಷವೆಲ್ಲ ಮಾತು ಕೇಳಬೇಕು. ಹಾಗಾಗಿ ಗೋಲಿನ ಹತ್ತಿರ ಹೋದಾಗ ಚೆಂಡನ್ನು ಆಚೆಗೆ ಒದೆಯುವುದೇ ಮರ್ಯಾದೆ.

ಚಿಕ್ಕಸ್ವಾಮಿ ಎರಡೂ ಕಡೆಯ ಗೋಲು ಕಾಯುವವರನ್ನು ಕರೆದ. ಚಿನಕುರಳಿಯ ಮಂಚಯ್ಯ, ಶೀಳನೆರೆಯ ಚೌಡಯ್ಯ.

"ಸೊನ್ನೆ-ಸೊನ್ನೆಯೂ ಸಮ, ಎರಡು-ಎರಡೂ ಸಮ. ಒಬ್ಬೊಬ್ಬರು ಎರಡೆರಡು ಬಿಟ್ಟುಕೊಡಿ. ಯಾರಿಗೂ ಅವಮಾನವಿಲ್ಲ."

"ಲೆಕ್ಕ ಸರ್ಯಾಗೇ ಅದೆ," ಎಂದ ಚೌಡಯ್ಯ. "ಬೀಗ್ರಿಗೆ ಕೊಡಕ್ಕೆ ನಮ್ದೇನು ತಕರಾರಿಲ್ಲ."

ಸೀಟಿ ಊದಿದ. ಚಿನಕುರಳಿಯವರು ಚೆಂಡು ತಂದೊಡನೆ ಚೌಡಯ್ಯ ಪಂಚೆ ಎತ್ತಿಕಟ್ಟಿ, "ಬನ್ನಿ, ಬನ್ನಿ," ಎಂದು ಪಕ್ಕಕ್ಕೆ ಸರಿದ. ಗೋಲು. ವಾಲ್ಟರ್ ನೆಟ್ಟಗೆ ಕುಳಿತ. ಸ್ವಲ್ಪ ಹೊತ್ತಿಗೆ ಮಂಚಯ್ಯನೂ ಸರಿದ. ಒಂದಕ್ಕೊಂದು. ಎಲ್ಲವೂ ಸೂತ್ರದ ಪ್ರಕಾರವೇ ನಡೆದಿತ್ತು.

ಆಗ ಏರಿಯ ಮೇಲಿಂದ ಪುಟ್ಟಗೌರಮ್ಮನ ಗಂಟಲು ಕೇಳಿತು. ಶೀಳನೆರೆಯಲ್ಲಿ ಹುಟ್ಟಿ ಚಿನಕುರಳಿಗೆ ಬಂದ ಸೊಸೆ. ಎರಡೂ ಊರಿನ ಮದುವೆಗಳಲ್ಲಿ ಯಾರು ಯಾರಿಗೆ ಏನು ಉಡುಗೊರೆ ಮುಯ್ಯಿ ಮಾಡಿದರೆಂಬುದು ಆಕೆಯ ನಾಲಿಗೆಯ ತುದಿಯಲ್ಲಿತ್ತು.

"ಲೇ ಮಂಚ, ನಮ್ ತೌರೋರು ಒಂದ್ ಕೊಟ್ರೆ ನೀನೂ ಒಂದೇ ತಿರುಗ್ಸೀಯಲ್ಲ. ಮುಯ್ಯಿಗೆ ಮ್ಯಾಲೊಂದು ಸೇರ್ಸಿ ಕೊಡ್ಬೇಕು ಅಂತ ನಿಮ್ಮವ್ವ ಯೋಳ್ಕೊಡ್ನಿಲ್ವೇನ್ಲಾ?"

ಮಂಚಯ್ಯನ ಮುಖ ಸುಟ್ಟ ಬದನೆಕಾಯಿಯಾಯಿತು. ಮತ್ತೊಂದು ಗೋಲು ಬಿಟ್ಟ. ಚೌಡಯ್ಯನಿಗೆ ಅದು ಸಾಲ ಹೊರಿಸಿದ ಹಾಗೆ ಚುಚ್ಚಿತು. ಒಂದು ತಿರುಗಿಸಿ, ಮೇಲೊಂದು ಸೇರಿಸಿದ. ಮಂಚಯ್ಯ ಎರಡು ಕೊಟ್ಟ. ಚೌಡಯ್ಯ ಮತ್ತೆರಡು.

ಚಿಕ್ಕಸ್ವಾಮಿ ಅಡ್ಡ ಓಡಿ ಸೀಟಿ ಊದಿದ. "ಸಾಕು, ಎರಡೇ ಅಂದಿದ್ದೆ."

"ಮದ್ವೇಲಿ ಮುಯ್ಯಿ ಓದೋವಾಗ ಯಾರಾರ ಪೀಪಿ ಊದ್ತಾರಾ ಮೇಷ್ಟ್ರೇ? ಪಕ್ಕಕ್ ಬನ್ನಿ," ಎಂದ ಚೌಡಯ್ಯ.

ಎಂಟು, ಒಂಬತ್ತು, ಹನ್ನೊಂದು. ಗೋಲು ಹೊಡೆಯುವವರು ಸುಸ್ತಾಗಿ ಕುಳಿತಾಗ ಚೌಡಯ್ಯ ತಾನೇ ಚೆಂಡನ್ನು ತನ್ನ ಗೋಲಿಗೆ ಒದ್ದುಕೊಂಡ. ವಾಲ್ಟರ್ ಕುರ್ಚಿಯ ಮೇಲೆ ಹತ್ತಿ ನಿಂತು ಮೊಟ್ಟೆಯ ಲೆಕ್ಕದ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದ. ಹದಿಮೂರಕ್ಕೆ ಹದಿಮೂರು ಆದ ಕ್ಷಣವೇ, ಮಂಚಯ್ಯ ಮೇಲಿನದನ್ನು ಕೊಡಲು ಸರಿಯುವ ಮೊದಲೇ, ಚಿಕ್ಕಸ್ವಾಮಿ ಗಡಿಯಾರವನ್ನೂ ನೋಡದೆ ಆಟ ಮುಗಿಸಿದ.

ವಾಲ್ಟರ್ ಬಂದು ತಬ್ಬಿಕೊಂಡ. "ಇದನ್ನು ನಮ್ಮ ಜನ ನೋಡಬೇಕಿತ್ತು. ಖಂಡಿತ ಮನಸೋಲುತ್ತಿದ್ದರು. ನಿಮ್ಮ ಶಾಲೆಗೆ ಏನು ಬೇಕು ಎಂದು ನನಗೆ ಈಗ ಸರಿಯಾಗಿ ತಿಳಿಯಿತು." ಜೇಬಿನ ಕಾಗದ ತೆಗೆದು, ಒಂದು ಪದ ಹೊಡೆದುಹಾಕಿ ಇನ್ನೊಂದು ಬರೆದ. ಚಿಕ್ಕಸ್ವಾಮಿಯ ಕಣ್ಣಿಗೆ ಬೆವರು ಇಳಿದಿತ್ತು, ಓದಲಾಗಲಿಲ್ಲ. ಒಂದರ ಬದಲು ಎರಡು ಸೂಕ್ಷ್ಮದರ್ಶಕ ಕೇಳಿರಬೇಕೆಂದು ಬೀರುವಿನ ಮೇಲಿನ ಹಲಗೆಯನ್ನೂ ಒರೆಸಿಟ್ಟ.

ನಾಲ್ಕು ತಿಂಗಳಿಗೆ ಪೆಟ್ಟಿಗೆ ಬಂತು. ಹೊನ್ನಪ್ಪನವರೇ ಮುಂದೆ ನಿಂತು ಒಡೆಸಿದರು. ಇಪ್ಪತ್ತನಾಲ್ಕು ಫುಟ್‌ಬಾಲುಗಳು, ಒಂದು ಪಂಪು.

"ನಿಮ್ಮಿಂದ್ಲೇ ಬಂದದ್ದು ಮೇಷ್ಟ್ರೇ," ಎಂದರು ಹೊನ್ನಪ್ಪ. "ಇನ್ಮ್ಯಾಕೆ ಡ್ರಿಲ್ಲೂ ನೀವೇ ನೋಡ್ಕಬುಡಿ."

ಆದರೆ ಆಡುವವರು ಯಾರು? ಮುಯ್ಯಿಗೆ ಮುಯ್ಯಿ ಮಾತ್ರ ತಿರುಗಿಸಿ, ಮೇಲೊಂದು ಕೊಡದೆ ಮುಗಿಸಿದ ಚಿನಕುರಳಿಯವರ ಜಿಪುಣತನಕ್ಕೆ ಶೀಳನೆರೆಯವರು ಮುನಿಸಿಕೊಂಡಿದ್ದರು. ಮುಗಿಸಿದವನು ರೆಫರಿಯೆಂದು ಎರಡೂ ಊರಿನವರು ಚಿಕ್ಕಸ್ವಾಮಿಯ ಜೊತೆ ಮಾತು ಬಿಟ್ಟಿದ್ದರು.

ಆ ಸೋಮವಾರ ಜೀವಶಾಸ್ತ್ರದ ಪಾಠವಿತ್ತು. ಚಿಕ್ಕಸ್ವಾಮಿ ಬೀರು ತೆರೆದು ಒಂದು ಚೆಂಡು ತಂದು ಮೇಜಿನ ಮೇಲಿಟ್ಟ. ಅರ್ಧ ಗಾಳಿ ಬಿಟ್ಟ. ಒಂದು ಕಡೆ ಬೆರಳಿನಿಂದ ಒತ್ತಿದ, ಇನ್ನೊಂದು ಕಡೆ ಉಬ್ಬಿತು.

"ಅಮೀಬ," ಎಂದ, "ಹೀಗೆ ನಡೆಯುತ್ತದೆ."