ಕೆಳಮನೆ ಕಾರಿನ ಬಲಗಣ್ಣು

ಮೊದಲು ಆ ಬಾಗಿಲು ಮುಂದೆ ಮಾಡಿ ಬನ್ನಿ. ಇನ್ನೂ ಹತ್ತಿರ. ಈಗ ಹೇಳುವುದು ನಮ್ಮ ಬೀದಿ ದಾಟಿ ಹೋಗಬಾರದು. ಬೀದಿಯಲ್ಲಿ ಎಲ್ಲರಿಗೂ ಗೊತ್ತು, ನಾನೇ ಮನೆಮನೆಗೆ ಹೋಗಿ ಹೇಳಿಬಂದಿದ್ದೇನೆ, ಅದು ಬೇರೆ ವಿಷಯ. ಆದರೆ ಕೆಳಗೆ ಗೂಡಲೂರಿನ ಬೀಗರ ಕಿವಿಗೆ ಬಿದ್ದರೆ ಒಂದು ಮನೆತನದ ಮರ್ಯಾದೆ ಹೋಗುತ್ತದೆ. ಹೇಳುವುದಿಲ್ಲ ಅಂತ ತಲೆ ಮುಟ್ಟಿಕೊಳ್ಳಿ. ಮುಟ್ಟಿಕೊಂಡಿರಾ? ಸರಿ.

ನಮ್ಮ ಬೀದಿಯಲ್ಲಿ ಇಂಥದ್ದು ನಡೆಯದ ವಾರವೇ ಇಲ್ಲ. ಊಟಿಯಿಂದ ಗೂಡಲೂರಿಗೆ ಇಳಿಯುವ ರಸ್ತೆಯ ಪಕ್ಕ, ಗುಡ್ಡಕ್ಕೆ ಮೆಟ್ಟಿಲು ಕಡಿದ ಹಾಗೆ ನಮ್ಮ ಮನೆಗಳು. ನನ್ನ ಹೊಸ್ತಿಲು ಎಲ್ಲಿದೆಯೋ ಕೆಳಮನೆಯವರ ಹೆಂಚು ಅಲ್ಲಿದೆ. ಅವರ ಅಂಗಳ ನನ್ನ ಅಡುಗೆಮನೆ ಕಿಟಕಿಗೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತದೆ. ನೋಡಬೇಕು ಅಂತ ನೋಡುವವಳಲ್ಲ ನಾನು. ಆದರೆ ಕಣ್ಣು ಮುಚ್ಚಿಕೊಂಡು ಪಾತ್ರೆ ತೊಳೆಯುವುದಕ್ಕೆ ಆಗುತ್ತದೆಯೇ?

ಬೈಕು ಹುಡುಕಿದ್ದು

ಕೆಳಮನೆಯವನು ಟೀ ಫ್ಯಾಕ್ಟರಿಯಲ್ಲಿ ಹಸಿರೆಲೆ ತೂಕ ಹಾಕುತ್ತಿದ್ದವನು. ರಿಟೈರಾದ ಮೇಲೆ ಒಂದು ಹಳೇ ಕಾರು ತಂದ. ತಂದ ದಿನದಿಂದ ಅವನ ನಡಿಗೆಯೇ ಬೇರೆ. ತರಕಾರಿ ಅಂಗಡಿಗೆ ನಡೆದು ಹೋದರೂ ಕೈಯಲ್ಲಿ ಕಾರಿನ ಕೀಲಿ ತಿರುಗಿಸಿಕೊಂಡೇ ಹೋಗುತ್ತಾನೆ.

ಒಂದು ಮಧ್ಯಾಹ್ನ ಮೂರು ಗಂಟೆಗೇ ಮಂಜು ಇಳಿಯಿತು. ಇಲ್ಲಿ ಮಂಜು ಇಳಿದರೆ ಹಗಲೂ ಒಂದೇ, ಇರುಳೂ ಒಂದೇ, ಲೈಟು ಹಾಕದೆ ಗಾಡಿ ಆಡುವುದಿಲ್ಲ. ಇವನು ಲೈಟು ಹಾಕಿಕೊಂಡು ನಡುವಟ್ಟಂ ಕಡೆಯಿಂದ ಬರುತ್ತಿದ್ದಾನೆ. ಕಾರಿನ ಬಲಗಡೆ ದೀಪ ಸತ್ತುಹೋಗಿರುವುದು ಇವನಿಗೆ ಗೊತ್ತಿಲ್ಲ. ಎದುರಿಗೆ ಎಲೆ ಲಾರಿ. ಡ್ರೈವರನಿಗೆ ಕಂಡದ್ದು ಒಂದೇ ದೀಪ. ಬರುತ್ತಿರುವುದು ಬೈಕು ಅಂತ ತಿಳಿದು, ಬೈಕಿಗೆ ಎಷ್ಟು ಬೇಕೋ ಅಷ್ಟೇ ಜಾಗ ಬಿಟ್ಟು ನುಗ್ಗಿಸಿದ್ದಾನೆ. ಕೊನೆಗೆ ಎರಡೂ ಗಾಡಿ ಮೂಗಿಗೆ ಮೂಗು ತಾಗಿಸಿ ನಿಂತವು.

ಇವನು ಮನೆಗೆ ಬಂದು ಹೆಂಡತಿಗೆ ಹೇಳಿದ್ದು, ಲಾರಿಯವನು ಕಾರು ನೋಡಿ ಇಳಿದು ಬಂದು ಮಾತಾಡಿಸಿದ ಅಂತ. ನಿಜವಾಗಿ ನಡೆದದ್ದನ್ನು ಮರುದಿನ ನನಗೆ ಹೇಳಿದವಳು ಆ ಲಾರಿಯಲ್ಲಿ ಎಲೆಮೂಟೆ ಮೇಲೆ ಕೂತು ಬಂದ ಹೆಂಗಸು. ಡ್ರೈವರು ಗಾಬರಿಯಾಗಿ ಇಳಿದು, ಬೈಕಿನವನು ಎಲ್ಲಿ, ನಿಮ್ಮ ಕಾರಿನ ಅಡಿಗೆ ಹೋದನಾ ಅಂತ ಮಂಡಿ ಊರಿ ನೋಡಿದನಂತೆ.

ಇವನೂ ಇಳಿದು, ಪಕ್ಕದಲ್ಲೇ ಮಂಡಿ ಊರಿ, ಅಯ್ಯೋ ಪಾಪ, ಯಾವ ಬೈಕು ಅಂತ ಹುಡುಕಿದನಂತೆ.

ಮನುಷ್ಯ ಮಾಯ

ದೀಪ ಸತ್ತರೆ ಮೆಕ್ಯಾನಿಕ್ಕಿಗೆ ತೋರಿಸಿದರಾಯಿತು, ಇದೇನು ಕತೆ ಅಂತೀರಿ. ಕೇಳಿ. ಆ ಭಾನುವಾರ ಇವನ ತಂಗಿಯ ಮಗಳ ಮದುವೆ. ಗೂಡಲೂರಿನಲ್ಲಿ ಛತ್ರ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅದು ಅವನ ಹಕ್ಕು, ಬೇರೆಯವರು ಕೈ ಹಾಕುವಂತಿಲ್ಲ. ಇವನಂತೂ ಮದುಮಗಳು ನನ್ನ ಕಾರಿನಲ್ಲೇ ಬರುವುದು ಅಂತ ಆರು ತಿಂಗಳಿಂದ ಊರಿಗೆಲ್ಲ ಸಾರಿದ್ದ. ಈಗ ಕಾರಿಗೆ ಒಕ್ಕಣ್ಣು.

ಇದೇ ಸಮಯ ಅಂತ ಹುಡುಗಿಯ ದೊಡ್ಡಪ್ಪ ಮೀಸೆ ತೀಡಿದ. ಅವನದೊಂದು ಜೀಪಿದೆ. ಮುಂದೆ ಎರಡು ದೀಪ ಸಾಲದು ಅಂತ ನೆತ್ತಿಯ ಮೇಲೂ ಎರಡು ಹಳದಿ ದೀಪ ಕಟ್ಟಿದ್ದಾನೆ. ತಂಗಿ ಅಣ್ಣನ ಮನೆಗೆ ಬಂದು ಖಡಾಖಂಡಿತ ಹೇಳಿದಳು.

"ಅಣ್ಣಾ, ಬೆಳಗ್ಗೆ ಆರಕ್ಕೆ ಹೊರಡಬೇಕು. ಆ ಮಂಜಿನಲ್ಲಿ ಒಂದು ದೀಪದ ಕಾರಲ್ಲಿ ನನ್ನ ಮಗಳನ್ನ ಕೂರಿಸಲ್ಲ. ಶನಿವಾರ ಸಂಜೆಯೊಳಗೆ ಎರಡೂ ದೀಪ ತೋರಿಸು. ಇಲ್ಲದಿದ್ದರೆ ಜೀಪು."

ಮೆಕ್ಯಾನಿಕ್ಕು ಕೊಯಮತ್ತೂರಿಗೆ ಹೊರಟು ನಿಂತಿದ್ದ. ಐದು ನಿಮಿಷದ ಕೆಲಸ ಸಾರ್, ನೀವೇ ಹಾಕಿಕೊಳ್ಳಬಹುದು ಅಂದು ಬಸ್ಸು ಹತ್ತಿದ. ಅಲ್ಲಿಂದ ಶುರು. ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ಮಿಷನ್ನು ನೋಡಿದವನಿಗೆ ಒಂದು ಬಲ್ಬು ಯಾವ ಲೆಕ್ಕ ಅಂತ ಇವನು ಪಂಚೆ ಎತ್ತಿಕಟ್ಟಿದ. ಮಿಷನ್ನು ನೋಡಿದ್ದು ನಿಜ. ತೂಕದ ಮನೆಯ ಕಿಟಕಿಯಿಂದ.

ಮೊದಲು ಬಾನೆಟ್ ತೆಗೆಯಬೇಕಲ್ಲ. ಒಳಗೆ ಕೂತು ಒಂದು ಹಿಡಿ ಎಳೆದ. ಹಿಂದೆ ಡಿಕ್ಕಿ ತೆರೆದುಕೊಂಡಿತು. ಹೆಂಡತಿ ಹೋಗಿ ಮುಚ್ಚಿದಳು. ಇನ್ನೊಂದು ಎಳೆದ. ಪೆಟ್ರೋಲ್ ಮುಚ್ಚಳ ತೆರೆಯಿತು. ಅದನ್ನೂ ಮುಚ್ಚಿದಳು. ಮೂರನೆಯದನ್ನು ಸಿಟ್ಟಿನಿಂದ ಎಳೆದ ನೋಡಿ, ಮನುಷ್ಯನೇ ಮಾಯ. ಈಗ ತಾನೇ ತಲೆ ಕಾಣುತ್ತಿತ್ತು, ಈಗ ಇಲ್ಲ. ಹೆಂಡತಿ ಎದೆನೋವೇ ಬಂತು ಅಂತ ಸಕ್ಕರೆ ನೀರು ಹಿಡಿದುಕೊಂಡು ಓಡಿದಳು. ಸೀಟು ಹಿಂದಕ್ಕೆ ಬಿದ್ದು ಇವನು ಹಾಸಿಗೆ ಹಾಸಿದ ಹಾಗೆ ಅಂಗಾತ ಮಲಗಿದ್ದಾನೆ.

ನಾಲ್ಕನೆಯದಕ್ಕೆ ಬಾನೆಟ್ ಎರಡು ಬೆರಳು ಎದ್ದಿತು, ಅಲ್ಲಿಗೆ ನಿಂತಿತು. ಒಳಗೆಲ್ಲೋ ಒಂದು ಕೊಂಡಿ ಇದೆಯಂತೆ, ಅದನ್ನು ಕೈಯಿಂದ ಹುಡುಕಿ ಸರಿಸಬೇಕಂತೆ. ಬೀದಿಯ ಗಂಡಸರೆಲ್ಲ ಬಂದು ಸಂದಿಯಲ್ಲಿ ಬೆರಳು ತೂರಿಸಿ ಸೋತರು. ನಾನು ಇಳಿದು ಹೋದೆ. ಮುನಿಸಿಕೊಂಡ ಕೋಳಿಯ ಹೊಟ್ಟೆಯಡಿಯಿಂದ ಮೊಟ್ಟೆ ತೆಗೆದ ಕೈ ಇದು. ಒಂದೇ ಸಲಕ್ಕೆ ತೆರೆದೆ.

ಅವನು ತೆರೆದ ಬಾನೆಟ್ಟಿನೊಳಗೆ ತುಂಬ ಹೊತ್ತು ನೋಡಿ, ಹೆಂಡತಿಯ ಕಡೆ ತಿರುಗಿ, ಇದರಲ್ಲಿ ಇಂಜಿನ್ ಯಾವುದು ಅಂತ ಮೆಲ್ಲಗೆ ಕೇಳಿದ.

ನಾಡಿ

ದೀಪದ ಹಿಂಭಾಗಕ್ಕೆ ಕೈ ಹೋಗಬೇಕಾದರೆ ಬ್ಯಾಟರಿಯ ಪಕ್ಕ ಒಂದು ಸಣ್ಣ ಸಂದಿ. ಕೈ ಹೋಯಿತು. ತಂತಿಯ ಪಿನ್ನು ಕಿತ್ತ, ರಬ್ಬರ್ ಟೋಪಿ ಕಳಚಿದ, ಹಳೇ ಬಲ್ಬು ಹೊರಗೆ ಬಂತು. ಭೇಷ್ ಅಂದೆವು. ಒಳಗೆ ಇನ್ನೇನಾದರೂ ಉಳಿದಿದೆಯಾ ಅಂತ ಇನ್ನೊಮ್ಮೆ ಕೈ ಹಾಕಿದ. ಬಲಗೈ ಹೊರಗೆ ಬರಲಿಲ್ಲ. ರಿಟೈರಾದಾಗ ಫ್ಯಾಕ್ಟರಿಯವರು ಕೊಟ್ಟ ಗಡಿಯಾರ ಮಣಿಕಟ್ಟಿನಲ್ಲಿ, ರೊಟ್ಟಿಯಷ್ಟು ದೊಡ್ಡದು. ಅದು ಅಡ್ಡ ಸಿಕ್ಕಿಕೊಂಡಿತು.

ಆ ಗಳಿಗೆಗೇ ಜೀಪಿನ ದೊಡ್ಡಪ್ಪ ಬರಬೇಕೇ. ಕಾರಿನ ವಿಚಾರ ಎಲ್ಲಿಗೆ ಬಂತು ಅಂತ ನೋಡಲು ಬಂದಿದ್ದಾನೆ. ಇವನು ಸಿಕ್ಕಿಬಿದ್ದಿದ್ದೇನೆ ಅಂತ ಹೇಳುವವನಲ್ಲ. ಬಗ್ಗಿಕೊಂಡೇ ಎಡಗೈಯಲ್ಲಿ ಅರ್ಧ ನಮಸ್ಕಾರ ಮಾಡಿದ. ಹೆಂಡತಿ ಚಹಾ ತಂದಳು, ಅದನ್ನೂ ಎಡಗೈಯಲ್ಲಿ ಬಗ್ಗಿಯೇ ಕುಡಿದ. ದೊಡ್ಡಪ್ಪ ಕುರ್ಚಿ ಹಾಕಿಸಿಕೊಂಡು ಕೂತ. ಏಳುವ ಲಕ್ಷಣವಿಲ್ಲ.

"ಏನು ಭಾವ, ಆಗಿನಿಂದ ಒಳಗೇ ಕೈಯಿಟ್ಟಿದ್ದೀರಿ?"

"ಇಂಜಿನ್ ನಾಡಿ ನೋಡ್ತಿದ್ದೀನಿ."

"ಸ್ಟಾರ್ಟೇ ಮಾಡಿಲ್ಲವಲ್ಲ?"

"ನಿಂತಿದ್ದಾಗಲೇ ನಾಡಿ ಸರಿಯಾಗಿ ಸಿಗೋದು."

ದೊಡ್ಡಪ್ಪ ಎರಡನೇ ಲೋಟ ಚಹಾ ಮುಗಿಸಿ ಹೋಗುವವರೆಗೆ ಇವನು ಹಾಗೇ ನಿಂತಿದ್ದ. ಜೀಪು ತಿರುವು ದಾಟಿದ ಮೇಲೆ ಹೆಂಡತಿ ಕೊಬ್ಬರಿ ಎಣ್ಣೆ ಬಾಟಲಿ ತಂದು ಮಣಿಕಟ್ಟಿಗೆ ಸುರಿದಳು. ನಾನು ಸೊಂಟ ಹಿಡಿದು ಎಳೆದೆ. ಕೈ ಬಂತು. ಗಡಿಯಾರ ಒಳಗೇ ಉಳಿಯಿತು.

ಎಲ್ಲರೂ ಸುಸ್ತಾಗಿ ಸುಮ್ಮನೆ ಕೂತಾಗ ನಿಂತ ಕಾರಿನ ಹೊಟ್ಟೆಯಿಂದ ಟಿಕ್ ಟಿಕ್ ಅಂತ ಕೇಳಿಸಿತು. ಹೆಂಡತಿ ಅಂದಳು, ತಗೊಳ್ಳಿ, ಈಗ ಸಿಕ್ಕಿತು ನಾಡಿ.

ಬಲ್ಬಿಗೆ ಆರತಿ

ಇದರಲ್ಲಿ ನನ್ನದೂ ಸ್ವಲ್ಪ ಕೈಯಿದೆ, ಒಪ್ಪಿಕೊಳ್ಳುತ್ತೇನೆ. ಸ್ವಲ್ಪವೇ.

ಮರುದಿನ ಊಟಿಯಿಂದ ಹೊಸ ಬಲ್ಬು ಬಂತು. ಮದುಮಗಳು ಕೂರುವ ಕಾರು, ಹೊಸ ಸಾಮಾನು, ಪೂಜೆಯಿಲ್ಲದೆ ಹಾಕುತ್ತೀಯಾ ಅಂತ ನಾನು ಅವನ ಹೆಂಡತಿಗೆ ಕೇಳಿದೆ. ಅವಳಿಗೂ ಹೌದಲ್ಲ ಅನ್ನಿಸಿತು. ಲೋಟದಲ್ಲಿ ಅಕ್ಕಿ ತುಂಬಿ ಬಲ್ಬನ್ನು ಕಳಶದ ಹಾಗೆ ನಿಲ್ಲಿಸಿದೆವು. ಗಾಜಿಗೆ ಮೂರೆಳೆ ವಿಭೂತಿ ನಾನು ಬಳಿದೆ, ಕುಂಕುಮ ಅವಳಿಟ್ಟಳು. ಹೂವು ನಿಲ್ಲಲಿಲ್ಲ, ದಾರದಲ್ಲಿ ಕಟ್ಟಿದೆವು. ಎಷ್ಟು ಲಕ್ಷಣವಾಗಿ ಕಾಣುತ್ತಿತ್ತು ಗೊತ್ತಾ, ಆರತಿ ಎತ್ತುವಾಗ ನನಗೇ ಕಣ್ಣು ತುಂಬಿತು.

ಅವನು ಹೂವನ್ನಷ್ಟೇ ತೆಗೆದು, ವಿಭೂತಿ ಕುಂಕುಮ ಹಾಗೇ ಬಿಟ್ಟು, ಭಕ್ತಿಯಿಂದ ಒಳಗೆ ಕೂರಿಸಿದ. ಸ್ವಿಚ್ಚು ಹಾಕಿದ. ದೀಪ ಜಗ್ಗನೆ ಹತ್ತಿತು. ನಾವು ಚಪ್ಪಾಳೆ ತಟ್ಟಿದೆವು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಪಟ್ ಅಂತು, ಹೋಯಿತು.

ಅದನ್ನು ತೆಗೆದುಕೊಂಡು ಅವನು ಅಂಗಡಿಗೆ ಹೋಗಿ ಜಗಳ ಆಡಿದ್ದಾನೆ. ಅಂಗಡಿಯವನು ಬಲ್ಬನ್ನು ತಿರುಗಿಸಿ ನೋಡಿದನಂತೆ. ಈ ಬಲ್ಬಿನ ಗಾಜಿಗೆ ಬೆರಳೇ ತಾಗಿಸಬಾರದು ಸಾರ್, ಬೆರಳಿನ ಎಣ್ಣೆ ಅಂಟಿದರೂ ಆ ಬಿಸಿಗೆ ಸುಟ್ಟುಹೋಗುತ್ತದೆ, ಒಣ ಬಟ್ಟೆಯಲ್ಲಿ ತಗಡಿನ ಬುಡ ಹಿಡಿದು ಹಾಕಬೇಕು ಅಂತ ಪಾಠ ಹೇಳಿದನಂತೆ. ಆಮೇಲೆ ಮೂರೆಳೆ ವಿಭೂತಿ ನೋಡಿ ಕೇಳಿದನಂತೆ:

"ಇದನ್ನ ಬದಲಾಯಿಸಿ ಕೊಡೋದು ಹೇಗೆ ಸಾರ್? ನಾನು ಕೈ ಮುಗಿದು ಇಟ್ಟುಕೋಬೇಕಷ್ಟೇ."

ಶನಿವಾರ ಸಂಜೆ

ಮದುವೆ ಚೆನ್ನಾಗಿ ಆಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮದುಮಗಳು ಸೋದರಮಾವನ ಕಾರಿನಲ್ಲೇ ಬಂದಳು. ಜೀಪಿನಲ್ಲಿ ಬಂದದ್ದು ಬಾಳೆಎಲೆ ಮತ್ತು ಕುಂಬಳಕಾಯಿ. ಆದರೆ ಹಿಂದಿನ ಸಂಜೆ ನಡೆದದ್ದು ಹೇಳದಿದ್ದರೆ ನನಗೆ ಊಟ ಅರಗುವುದಿಲ್ಲ.

ಪೂಜೆ ಮಾಡಿದ ಮೇಲೆ ಅವನಿಗೆ ನನ್ನ ಮೇಲೆ ಕೋಪ. ಮದುವೆ ಮುಗಿಯುವವರೆಗೆ ಮೇಲ್ಮನೆ ಅಕ್ಕ ಕಾರಿನ ಹತ್ತಿರ ಬರಕೂಡದು ಅಂತ ಹೆಂಡತಿಗೆ ಅಪ್ಪಣೆ ಮಾಡಿದ. ನನಗೂ ಮಾನ ಇಲ್ಲವೇ? ನನಗೆ ಮಂಡಿನೋವು, ಕಂಬಳಿ ಹೊದ್ದು ಮಲಗಿದ್ದೇನೆ, ಯಾರೂ ಕರೆಯಬೇಡಿ ಅಂತ ಹೇಳಿ ಕಳಿಸಿದೆ. ಅವರ ಮನೆಯಲ್ಲಿ ನೆಂಟರು ತುಂಬಿದ್ದರಿಂದ ಮದುವೆಯ ಮೈಸೂರುಪಾಕಿನ ಡಬ್ಬಗಳನ್ನು ನನ್ನ ಮನೆಯಲ್ಲಿ ಇಟ್ಟಿದ್ದರು. ಕಾವಲಿಗೂ ಒಬ್ಬರು ಬೇಕಲ್ಲ.

ಸಂಜೆ ಐದಕ್ಕೆ ಮಂಜು ಗಟ್ಟಿಯಾಗಿ ಕವಿಯಿತು. ಕೆಳಗೆ ಅಂಗಳದ ತುಂಬ ಜನ. ತಂಗಿ ಬಂದಿದ್ದಾಳೆ, ಮದುಮಗಳು ಕೈಗೆ ಮದರಂಗಿ ಹಾಕಿಕೊಂಡು ನಿಂತಿದ್ದಾಳೆ, ದೊಡ್ಡಪ್ಪ ಜೀಪಿನ ನಾಲ್ಕೂ ದೀಪ ಒರೆಸಿಕೊಂಡು ಸಿದ್ಧನಾಗಿದ್ದಾನೆ. ಕಾರಿನ ಮುಖ ನನ್ನ ಅಂಗಳದ ಕೆಳಗಿನ ಕಲ್ಲುಗೋಡೆಗೆ ತಿರುಗಿದೆ. ಇವನು ಮತ್ತೆ ದುಡ್ಡು ಕೊಟ್ಟು ತಂದ ಇನ್ನೊಂದು ಬಲ್ಬನ್ನು ಬಟ್ಟೆಯಲ್ಲಿ ಹಿಡಿದು, ಮಗುವಿಗೆ ಮೊದಲ ಸ್ನಾನ ಮಾಡಿಸುವ ಹಾಗೆ ಉಸಿರು ಬಿಗಿಹಿಡಿದು ಒಳಗಿಟ್ಟ. ಗಾಬರಿಯಲ್ಲಿ ಅದು ತನ್ನ ಗೂಡಿನಲ್ಲಿ ಸರಿಯಾಗಿ ಕೂತಿತೋ ಇಲ್ಲವೋ ನೋಡದೆ ಮೇಲಿನ ತಂತಿ ಕೊಂಡಿ ಒತ್ತಿಬಿಟ್ಟ. ಹೆಂಡತಿ ಸ್ವಿಚ್ಚು ಹಾಕಿದಳು.

ಎಡದೀಪ ಗೋಡೆಗೆ ಬಿತ್ತು. ಬಲದೀಪವೂ ಹತ್ತಿತು, ಆದರೆ ಗೋಡೆಗೆ ಬೀಳಲಿಲ್ಲ. ಬಲ್ಬು ವಾರೆಯಾಗಿ ಕೂತು ಬೆಳಕು ನೆಟ್ಟಗೆ ಮೇಲಕ್ಕೆ ಹೋಯಿತು. ಮಂಜಿನಲ್ಲಿ ಬಿಳೀ ಕಂಬ ನಿಲ್ಲಿಸಿದ ಹಾಗೆ. ಎಲ್ಲರ ಕತ್ತೂ ಕಂಬದ ಜೊತೆಗೆ ಮೇಲಕ್ಕೆ ಏರಿತು.

ಕಂಬದ ತುದಿಯಲ್ಲಿ ನಾನಿದ್ದೆ. ಒಣಹಾಕಿದ ಸೀರೆಯ ಹಿಂದೆ, ನೀರಿನ ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದೆ. ಮಂಡಿನೋವಿನವಳು. ತಲೆಗೆ ಉಣ್ಣೆ ಟೋಪಿ, ಕಂಕುಳಲ್ಲಿ ಮೈಸೂರುಪಾಕಿನ ಡಬ್ಬ, ಬಾಯಿ ತುಂಬ ಮೈಸೂರುಪಾಕು. ಸೀರೆ ಸರಿಸಿ ಇಣುಕುವುದಕ್ಕೂ ದೀಪ ಹತ್ತುವುದಕ್ಕೂ ಸರಿಹೋಯಿತು.

 ನುಂಗೋಣ ಅಂದರೆ ಗಂಟಲಿಗೆ ಇಳಿಯುತ್ತಿಲ್ಲ, ಉಗುಳೋಣ ಅಂದರೆ ಮದುವೆ ಮನೆಯ ಸಿಹಿ. ಮೊದಲು ಮದುಮಗಳು ಮದರಂಗಿ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು, ಕೆನ್ನೆಗೆಲ್ಲ ಮದರಂಗಿಯಾಯಿತು. ಆಮೇಲೆ ಇಡೀ ಅಂಗಳ. ದೊಡ್ಡಪ್ಪ ಮಾತ್ರ ಸಂದರ್ಭ ಬಿಡದೆ, ಆಕಾಶ ನೋಡೋ ದೀಪದಲ್ಲಿ ಘಾಟಿ ಇಳಿಯೋಕಾಗುತ್ತಾ, ಜೀಪೇ ಗಟ್ಟಿ ಅಂದ. ತಂಗಿಯೂ ಅಣ್ಣನ ಮುಖ ನೋಡಿದಳು.

ಕೆಳಮನೆಯವನು ಬಲ್ಬಿನ ಕೊಂಡಿ ಮತ್ತೆ ಬಿಚ್ಚಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡ. ನಾನು ಡ್ರಮ್ಮಿನಿಂದ ಮೆಲ್ಲಗೆ ಒಂದು ಕಾಲು ಇಳಿಸುತ್ತಿದ್ದೆ. ಅವನು ತಲೆಯೆತ್ತಿ ನನ್ನ ಮುಖ ನೋಡಿಕೊಂಡೇ, ಅಷ್ಟು ಜನರ ಎದುರಿಗೆ ಹೇಳಿದ:

"ಅಕ್ಕಾ, ಇಳೀಬೇಡಿ. ಅಲ್ಲೇ ನಿಂತು ತಿಂತಾ ಇರಿ. ನಿಮ್ಮ ಮುಖ ಯಾವಾಗ ಕಾಣದೆ ಹೋಗುತ್ತೋ, ಆಗ ನನ್ನ ಲೈಟು ಸರಿಯಾಯ್ತು ಅಂತ."